ಮೋನಪ್ಪ ಪತ್ತಾರ ತುಂಬಿದ ಕಾಡತೂಸು

ಟಿಕೋಟಾದ ಅಕ್ಕಸಾಲಿಗ ಮೋನಪ್ಪ ಪತ್ತಾರನ ತಮ್ಮ ಕಾಳಪ್ಪ ವಿಜಾಪುರದಲ್ಲಿ ತೇಜಾಬು ಕುಡಿದು ಸತ್ತದ್ದು ೧೯೬೩ರ ಶಿವರಾತ್ರಿ ಕಳೆದ ಮೂರನೆಯ ದಿನ. ಬಂಗಾರದ ಕೊಳೆ ತೆಗೆಯಲು ಪ್ರತಿಯೊಬ್ಬ ಪತ್ತಾರನ ಅಂಗಡಿಯಲ್ಲೂ ಇರುವ ಉರಿನೀರು ಅದು. ಸುದ್ದಿ ತಿಳಿದು ಮೋನಪ್ಪ ಮೋಟಾರು ಹಿಡಿದು ಹೋಗುವಷ್ಟರಲ್ಲಿ ತಮ್ಮನ ಉಸಿರು ಇನ್ನೂ ಇತ್ತು, ಮಾತು ಇರಲಿಲ್ಲ. ಬಾಯಿ, ಗಂಟಲು ಎಲ್ಲ ಸುಟ್ಟುಹೋಗಿದ್ದವು. ಕಣ್ಣಿನಲ್ಲೇ ಏನೋ ಕೇಳಿದ. ಏನು ಎಂಬುದು ಮೋನಪ್ಪನಿಗೆ ತಿಳಿಯಲಿಲ್ಲ. ಸಂಜೆಗೆ ಎಲ್ಲ ಮುಗಿಯಿತು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಬಂಗಾರದ ಕಾಯ್ದೆ ಬಂದಿತ್ತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಚೊಕ್ಕ ಬಂಗಾರದ ಒಡವೆಯನ್ನು ಇನ್ನು ಯಾರೂ ಮಾಡಕೂಡದು. ಅರ್ಧಕ್ಕೆ ಅರ್ಧ ತಾಮ್ರ ಬೆರೆತ ತಾಳಿಯನ್ನು ಕೊರಳಿಗೆ ಕಟ್ಟಿಸಿಕೊಳ್ಳಲು ಆ ಸೀಮೆಯ ಯಾವ ಹೆಣ್ಣು ಒಪ್ಪಿಯಾಳು? ಟಿಕೋಟಾ, ಕನಮಡಿ, ಬಬಲೇಶ್ವರದ ಮನೆಗಳಲ್ಲಿ ಮೋನಪ್ಪನ ಕೈಯ ಬೋರಮಾಳ ಸರ ಇಲ್ಲದ ಕೊರಳು ಕಡಿಮೆ. ಅಂಥವನ ಅಂಗಡಿಯ ಮುಂದೆ ಒಂದೇ ತಿಂಗಳಲ್ಲಿ ನಾಯಿ ಮಲಗತೊಡಗಿತು. ಅಗ್ಗಿಷ್ಟಿಗೆಯಲ್ಲಿ ಬೂದಿ ತಣ್ಣಗಾಯಿತು.

ತಮ್ಮನನ್ನು ಮಣ್ಣು ಮಾಡಿ ಬಂದ ದಿನ ಹೆಂಡತಿ ತಾಯವ್ವ ಅಂಗಡಿಯ ಮಾಡದಲ್ಲಿದ್ದ ತೇಜಾಬಿನ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತಿಪ್ಪೆಯಲ್ಲಿ ಚೆಲ್ಲಿದಳು. ಮೋನಪ್ಪ ಅದನ್ನು ಕಂಡ. ಹಿಂದಿನ ಎಂಟು ದಿನಗಳಲ್ಲಿ ಆ ಸೀಸೆಯನ್ನು ಅವನು ಎಷ್ಟು ಸಲ ನೋಡಿದ್ದನೋ, ಅವಳಿಗೆ ಗೊತ್ತಾಗಿತ್ತು.

ದುಡಿಯದೆ ಕೂಡಬೇಕೆಂದು ಅವನಿಗೆ ಆಸೆಯಿರಲಿಲ್ಲ. ಬಬಲೇಶ್ವರದ ಶಿವಯೋಗೆಪ್ಪನ ಹೊಲಕ್ಕೆ ಜೋಳದ ರಾಶಿಯ ಕೆಲಸಕ್ಕೆ ಹೋದ. ಎರಡನೆಯ ದಿನಕ್ಕೆ ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಮೂವತ್ತು ವರ್ಷ ಕಾಲು ಮಡಚಿ ಕೂತ ಸೊಂಟ ಬಗ್ಗಲೊಲ್ಲದು. ಶಿವಯೋಗೆಪ್ಪ ಒಳ್ಳೆಯವನು, ಬಯ್ಯಲಿಲ್ಲ. "ಪತ್ತಾರ್ರ, ಇದು ನಿಮ್ಮ ಕೈಯಾಗಿನ ಕೆಲಸ ಅಲ್ರಿ. ಮನಿಗೆ ಹೋಗ್ರಿ" ಎಂದು ಒಂದು ಬುಟ್ಟಿ ಜೋಳ ಕೊಟ್ಟು ಕಳಿಸಿದ. ಬೈಸಿಕೊಂಡಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು. ಅದಾದ ಮೇಲೆ ನಿಡೋಣಿಗೆ ಕೊಟ್ಟ ಮಗಳ ಮನೆಯಿಂದ ಒಂದು ಚೀಲ ಜೋಳ ಬಂತು. ಮಗಳ ಮನೆಯ ಅನ್ನ ಉಣ್ಣುವ ಕಾಲ ಬಂತೆಂದು ಮೋನಪ್ಪ ಎರಡು ದಿನ ತುತ್ತು ಮುಟ್ಟಲಿಲ್ಲ. ಹಗಲೆಲ್ಲ ಅಂಗಡಿಯಲ್ಲಿ ಕೂತು ಸಣ್ಣ ತ್ರಾಸಿನ ಒಂದು ಪರಡಿಯಲ್ಲಿ ಜೋಳದ ಕಾಳು, ಇನ್ನೊಂದರಲ್ಲಿ ಗುಲಗಂಜಿ ಇಟ್ಟು ತೂಗುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ತೂಗುತ್ತಿದ್ದ.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಮಶಾಕಸಾಬ ಬಂದ. ಊರವನೇ. ಪಲ್ಟಣಿಯಲ್ಲಿ ಹವಾಲ್ದಾರನಾಗಿದ್ದು ಪೆನ್ಶನ್ನಿನ ಮೇಲೆ ಬಂದು ಹತ್ತು ವರ್ಷವಾಗಿತ್ತು. ಅವನ ಹತ್ತಿರ ಲೈಸನ್ಸು ಇದ್ದ ಹಳೆಯ ವಿಲಾಯತಿ ರೈಫಲ್ ಇತ್ತು. ಘೋಣಸಗಿಯ ಹೊಲಗಳಲ್ಲಿ ಚಿಗರಿ ಜಿಂಕೆಗಳ ಹಿಂಡು ಎಳೆ ಪೈರಿಗೆ ಬಾಯಿ ಹಾಕಿದಾಗ ರೈತರು ಅವನನ್ನು ಕರೆಯುತ್ತಿದ್ದರು. ಬಂದವನು ಕಟ್ಟೆಯ ಮೇಲೆ ಕೂತು, ಹೆಗಲ ಮೇಲಿನ ಗಂಟನ್ನು ಬಿಚ್ಚಿದ.

"ಮೋನಪ್ಪಾ, ಒಂದು ಕೆಲಸ ಐತಿ. ನಿನ್ನ ಬಿಟ್ರ ಮತ್ತೊಬ್ಬರ ಕೈಲೆ ಆಗೂದಲ್ಲ."

"ಬಂಗಾರದ್ದಾದ್ರ ಬ್ಯಾಡ್ರಿ ಹವಾಲ್ದಾರ್ರ. ಕಾಯ್ದೆ ಐತಿ."

"ಬಂಗಾರದ್ದಲ್ಲ. ಹಿತ್ತಾಳಿದ್ದು."

ಗಂಟಿನಲ್ಲಿ ಹಾರಿಸಿದ ಕಾಡತೂಸಿನ ಖಾಲಿ ಕೊಳವೆಗಳಿದ್ದವು. ಒಂದು ಡಬ್ಬಿ ಮದ್ದು, ಸೀಸದ ಗಟ್ಟಿ, ಗುಂಡು ಎರೆಯುವ ಅಚ್ಚು, ಮೇಣದ ಕಾಗದದಲ್ಲಿ ಸುತ್ತಿದ, ಮದ್ದಿಗೆ ಕಿಡಿ ಕೊಡುವ ಕೇಪುಗಳು. ವಿಲಾಯತಿ ಮಾಲು ಬರುವುದು ನಿಂತಿತ್ತು. ಚೀನಾ ಲಡಾಯಿಯ ಮೇಲಂತೂ ಹೊಸ ಕಾಡತೂಸು ವಿಜಾಪುರದಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ಮಶಾಕಸಾಬ ಹಳೆಯ ಕೊಳವೆಗಳಿಗೆ ತಾನೇ ಮದ್ದು ತುಂಬಿಕೊಳ್ಳುತ್ತಿದ್ದ.

"ನಾ ತುಂಬಿದ್ದು ಒಂದು ಮ್ಯಾಲ ಹೋಗ್ತೈತಿ, ಒಂದು ಕೆಳಗ. ಹ್ವಾದ ವಾರ ಒಂದು ಹೆಣ್ಣ ಚಿಗರಿಗೆ ಹೊಟ್ಟಿಗೆ ಬಡೀತು. ಕರಳ ಎಳಕೋಂತ ಹೋತು. ಎರಡು ಮೈಲ ಬೆನ್ನ ಹತ್ತಿದೆ, ಸಿಗಲಿಲ್ಲ."

"ನಾವು ಮಾಂಸ ಮುಟ್ಟೂ ಮಂದಿ ಅಲ್ರಿ. ಈ ಪಾಪ ನನಗ ಬ್ಯಾಡ."

"ಪಾಪ ಅಂದ್ರ ಅದ ನೋಡು, ಕರಳ ಎಳಕೊಂಡ ಹ್ವಾದದ್ದು. ಅಳತಿ ಸರಿ ಇದ್ದಿದ್ರ ಅಲ್ಲೇ ಬೀಳ್ತಿತ್ತು. ಅದಕ್ಕ ಗೊತ್ತೂ ಆಗ್ತಿರಲಿಲ್ಲ."

ಮೋನಪ್ಪ ಒಂದು ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದ. ಬಾಯಿಯ ಹತ್ತಿರ ಕೂದಲೆಳೆಯಷ್ಟು ಬಿರುಕು. "ಇದನ್ನ ಕಾಸಿ ನೀರಿಗೆ ಅದ್ದಿಲ್ಲ ನೀವು. ಹಿತ್ತಾಳಿ ಬಿರಸ ಆಗೇತಿ" ಎಂದ. ಹೇಳಿದ ಮೇಲೆ, ಎಷ್ಟೋ ದಿನಗಳ ನಂತರ ತಾನು ಕೆಲಸದ ಮಾತು ಆಡಿದೆನೆಂದು ಅವನಿಗೇ ತಿಳಿಯಿತು.

ತಾಯವ್ವ ಒಳಗಿನಿಂದ ಎಲ್ಲ ಕೇಳಿದ್ದಳು. ಹವಾಲ್ದಾರ ಹೋದ ಮೇಲೆ, "ತಾಳಿ ಮಾಡೂ ಕೈಲೆ ಜೀವಾ ತಗಿಯೂ ಸಾಮಾನ ಮಾಡ್ತೀರೇನು?" ಎಂದು ಕೇಳಿದಳು. ಅಂದು ಮಧ್ಯಾಹ್ನ ಮೋನಪ್ಪ ಎರಡು ರೊಟ್ಟಿ ಉಂಡು, ಇನ್ನೊಂದು ಕೇಳಿದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಬೇಸಿಗೆಯೆಲ್ಲ ಆ ಕೆಲಸದಲ್ಲೇ ಹೋಯಿತು. ಗುಲಗಂಜಿಯ ಕಾಳು ಒಂದರಂತೆ ಒಂದಿರುವುದಿಲ್ಲ. ಬಂಗಾರಕ್ಕೆ ನಡೆದರೂ ಮದ್ದಿಗೆ ಇದು ನಡೆಯದೆಂದು ಅವನು ಹಿತ್ತಾಳೆಯ ತೆಳು ತಗಡನ್ನು ಕತ್ತರಿಸಿ, ಉಜ್ಜಿ, ಗುಂಜಿಯ ಹತ್ತನೆಯ ಪಾಲಿನವರೆಗೆ ಬೇರೆ ಬೇರೆ ತೂಕದ ಚೂರು ಮಾಡಿಕೊಂಡ. ಮೂಸೆಯಲ್ಲಿ ಸೀಸ ಕರಗಿಸಿ, ಗಟ್ಟಿಯಾಗಲೆಂದು ತುಸು ತವರ ಬೆರೆಸಿ ಗುಂಡು ಎರೆದ. ಹೊರಗೆ ನುಣ್ಣಗೆ ಕಂಡ ಗುಂಡಿನ ಒಡಲಲ್ಲಿ ಗಾಳಿ ಸೇರಿದ್ದರೆ ತ್ರಾಸಿನಲ್ಲಿ ಹಗುರಾಗಿ ಸಿಕ್ಕಿಬೀಳುತ್ತಿತ್ತು. ಹತ್ತು ಎರೆದರೆ ಆರು ಮತ್ತೆ ಮೂಸೆಗೆ ಹೋಗುತ್ತಿದ್ದವು. ಅಗ್ಗಿಷ್ಟಿಗೆ ಮತ್ತೆ ಉರಿಯಿತು. ಬೀದಿಯಲ್ಲಿ ಹೋಗುವವರು ಕಳ್ಳ ಬಂಗಾರದ ಕೆಲಸವೆಂದು ಇಣುಕಿ ನೋಡಿ, ಸೀಸ ಕಂಡು ಸುಮ್ಮನೆ ಮುಂದೆ ಹೋಗುತ್ತಿದ್ದರು.

ಐದೈದು ಕಾಡತೂಸು ತುಂಬಿ, ಮದ್ದಿನ ತೂಕ ಗುರುತಿಸಲು ಕೊಳವೆಯ ಮೇಲೆ ಸಣ್ಣ ಗೀರು ಹಾಕಿ, ಇಬ್ಬರೂ ಡೋಣಿ ಹೊಳೆಯ ದಂಡೆಗೆ ಹೋಗುವರು. ಮಣ್ಣಿನ ದಿನ್ನೆಗೆ ಬಿಳಿ ಹಾಳೆಯನ್ನು ಮುಳ್ಳಿನಿಂದ ಚುಚ್ಚಿ, ನಡುವೆ ಇದ್ದಿಲಿನ ಬೊಟ್ಟಿಟ್ಟು, ನೂರು ಹೆಜ್ಜೆ ಹಿಂದೆ ಬಂದು ಮಶಾಕಸಾಬ ಉಸುಕಿನ ಚೀಲದ ಮೇಲೆ ರೈಫಲ್ ಇಟ್ಟು ಹೊಡೆಯುವನು. ಮೊದಲ ಐದು ಗುಂಡು ದೊಡ್ಡ ರೊಟ್ಟಿಯಷ್ಟು ಅಗಲಕ್ಕೆ ಚದರಿದವು. ಮದ್ದನ್ನು ಅರ್ಧ ಗುಂಜಿ ಇಳಿಸಿದರು. ಅಷ್ಟೇ ಅಗಲ. ಏರಿಸಿದರು. ಒಂದು ಗುಂಡು ಹಾಳೆಗೇ ತಾಗಲಿಲ್ಲ. ಅಚ್ಚಿನ ಎರಡು ಹೋಳು ಸರಿಯಾಗಿ ಕೂಡದೆ ಗುಂಡಿನ ಮೈಮೇಲೆ ಏಣು ಏಳುತ್ತಿರುವುದನ್ನು ಮೋನಪ್ಪ ಉಗುರಿನಿಂದ ಕಂಡುಹಿಡಿದ. ತಂತಿ ಎಳೆಯುವ ಪಟ್ಟಿಯ ಹಾಗೆ ಉಕ್ಕಿನ ತುಂಡಿಗೆ ಒಂದು ತೂತು ಕೊರೆದು, ವಾರವಿಡೀ ತಿಕ್ಕಿ, ಪ್ರತಿ ಗುಂಡನ್ನೂ ಅದರೊಳಗಿಂದ ತೂರಿಸಿ ದುಂಡಗೆ ಮಾಡಿದ. ಇನ್ನು ತಪ್ಪಲು ಕಾರಣವೇ ಇರಲಿಲ್ಲ. ಆದರೂ ಐದು ಗುಂಡು ಐದು ಕಡೆ ಹೋದವು.

ಕೇಪುಗಳು ತೀರುತ್ತ ಬಂದವು. ಮೋನಪ್ಪನಿಗೆ ಊಟ ಮತ್ತೆ ಸೇರದಾಯಿತು. ಬಂಗಾರವೂ ಕೈಬಿಟ್ಟಿತು, ಹಿತ್ತಾಳೆಯೂ ಕೈಬಿಟ್ಟಿತು, ತನ್ನ ಕೈಯಲ್ಲೇ ಏನೋ ಕೆಟ್ಟುಹೋಗಿದೆ ಎಂದು ಅವನಿಗೆ ಅನಿಸತೊಡಗಿತು. ಸಾಯುವ ಮುಂದೆ ತಮ್ಮ ಕಾಳಪ್ಪ ಕಣ್ಣಿನಲ್ಲಿ ಕೇಳಿದ್ದು ಇದನ್ನೇ ಇರಬೇಕು, ಇನ್ನು ನಾವು ಯಾತಕ್ಕೆ ಬೇಕು ಎಂದು.

ಮೃಗಶಿರದ ಗಾಳಿ ಎದ್ದ ದಿನ ಅದು. ಹಾಳೆ ಚುಚ್ಚಿ ಬಂದು ಮೋನಪ್ಪ ಪಕ್ಕದಲ್ಲಿ ಕೂತ. ಮಶಾಕಸಾಬ ಗುರಿ ಹಿಡಿದ. ಅಷ್ಟರಲ್ಲಿ ಗಾಳಿಗೆ ಹಾಳೆ ಕಿತ್ತುಬಂದು, ಎರಡು ಪಲ್ಟಿ ಹೊಡೆದು ಹೊಳೆಯ ಉಸುಕಿನಲ್ಲಿ ಹೋಗಿ ಬಿತ್ತು. ತಡೀರಿ ಎಂಬ ಮಾತು ಮೋನಪ್ಪನ ಗಂಟಲಿನವರೆಗೆ ಬಂದಿತ್ತು. ರೈಫಲ್ ಸಿಡಿಯಿತು. ಬರಿದಾದ ದಿನ್ನೆಯ ಮಣ್ಣು ಹಾರಿತು.

"ಹೆಂಗ ಬಿತ್ತು ನೋಡ ಮೋನಪ್ಪಾ?" ಎಂದು ಮಶಾಕಸಾಬ ಕೇಳಿದ. ದಿನ್ನೆಯ ಕಡೆಗೇ ನೋಡುತ್ತಿದ್ದ. ಅವನ ಕರಿಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಇರುವುದನ್ನು ಮೋನಪ್ಪ ಆಗ ಮೊದಲ ಸಲ ಸರಿಯಾಗಿ ಕಂಡ.

ಹಾಳೆ ಹಾರಿಹೋಗಿತ್ತೆಂದು ಹೇಳಿದರೆ ಕೆಲಸ ಅಂದಿಗೇ ಮುಗಿಯುತ್ತಿತ್ತು. ನಾಳೆಯಿಂದ ಮತ್ತೆ ಜೋಳದ ಕಾಳು ತೂಗುತ್ತ ಕೂಡಬೇಕು.

"ನಾಕ ಬಟ್ಟು ಎಡಕ್ಕ ಬಿತ್ರಿ" ಎಂದ ಮೋನಪ್ಪ. ಹೋಗಿ ಹಾಳೆಯನ್ನು ಎತ್ತಿ ತಂದು ಮತ್ತೆ ಚುಚ್ಚಿದ. ಬಂದು, "ನಾನೂ ಒಂದೆರಡು ಹೊಡದ ನೋಡ್ತೇನ್ರಿ" ಎಂದ. ಜೀವಮಾನದಲ್ಲಿ ಬಂದೂಕು ಹಿಡಿದವನಲ್ಲ. ಮಶಾಕಸಾಬ ಭುಜಕ್ಕೆ ಒತ್ತಿಡುವುದನ್ನೂ ಉಸಿರು ಹಿಡಿಯುವುದನ್ನೂ ಹೇಳಿಕೊಟ್ಟ. ಮೂರು ಗುಂಡು ಹಾರಿದವು. ಇಬ್ಬರೂ ನಡೆದು ಹೋಗಿ ನೋಡಿದರು. ಮಶಾಕಸಾಬ ಬೆರಳಿನಿಂದ ಹಾಳೆಯನ್ನು ತಡವಿದ. ಮೂರು ತೂತು ಒಂದರ ಮಗ್ಗುಲಿಗೆ ಒಂದಿದ್ದವು, ಮೂರರ ಮೇಲೂ ಅವನ ಹೆಬ್ಬೆರಳು ಕೂಡುತ್ತಿತ್ತು. ಅವನು ಬಹಳ ಹೊತ್ತು ಬೆರಳನ್ನು ತೆಗೆಯಲಿಲ್ಲ.

"ನೀ ಹೊಡಿಯೂ ಹೊತ್ತಿಗೆ ಗಾಳಿ ನಿಂತಿತ್ತು" ಎಂದ ಕೊನೆಗೆ.

"ಹೌದ್ರಿ. ನಿಂತಿತ್ತು" ಎಂದ ಮೋನಪ್ಪ.

ಆಮೇಲೆ ಸಜ್ಜೆ ಮೊಳೆತ ಕಾಲಕ್ಕೆ ಇಬ್ಬರೂ ಘೋಣಸಗಿಗೆ ಹೋಗತೊಡಗಿದರು. ಮೊಣಕಾಲು ನೋಯುತ್ತದೆ ಎಂದು ಮಶಾಕಸಾಬ ಒಡ್ಡಿನ ಮೇಲೆ ಮೋನಪ್ಪನ ಹೆಗಲು ಹಿಡಿದು ನಡೆಯುತ್ತಿದ್ದ. ಹಿಂಡು ಕಂಡರೆ ಮೋನಪ್ಪ ಬಾಯಿಂದ ದಾರಿ ಹೇಳುವನು, ಜಾಲಿ ಗಿಡದ ಎಡಕ್ಕೆ, ಇನ್ನೂ ತುಸು ಕೆಳಗೆ ಎಂದು. ಬೆಳ್ಳನೆಯ ಮುಂಜಾವಿನ ಮುಂದೆ ಗಂಡು ಚಿಗರಿಯ ಕರಿಯ ಮೈ ಮಾತ್ರ ಮಶಾಕಸಾಬನಿಗೆ ಇನ್ನೂ ಮಸುಕಾಗಿ ತೋರುತ್ತಿತ್ತು. ಒಂದು ಗಂಡು ಚಿಗರಿ ನಿಂತಲ್ಲೇ ಬಿತ್ತು. ಇನ್ನೊಂದು ಮುಂಗಾಲು ಮುರಿದುಕೊಂಡು ಕುಂಟುತ್ತ ಓಡಿತು. ಮನೆಗೆ ಬಂದು ಮೋನಪ್ಪ ತಪ್ಪು ಮದ್ದಿನದೆಂದು ಹೇಳಿ, ಬೇಕಿಲ್ಲದಿದ್ದರೂ ತೂಕ ಬದಲಿಸಿ ಮತ್ತೆ ತುಂಬಿದ.

ಭಾದ್ರಪದದಲ್ಲಿ ಒಂದು ದಿನ ಮಶಾಕಸಾಬನ ಹೆಂಡತಿ ದಾವಲಬಿ ಅಂಗಡಿಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ಅಣ್ಣಾರ, ಅವರಿಗೆ ಕಣ್ಣ ಕಾಣಂಗಿಲ್ಲ. ತಾಟಿನಾಗಿನ ರೊಟ್ಟಿ ತಡವಿ ತಡವಿ ಉಣ್ತಾರ. ನೀವು ತುಂಬಿ ಕೊಡೂತನಕ ಅವರು ಬಿಡಂಗಿಲ್ಲ. ನಿಮ್ಮ ಕಾಲಿಗೆ ಬೀಳ್ತೇನಿ, ಇನ್ನ ಕೊಡಬ್ಯಾಡ್ರಿ."

"ಕೊಡಂಗಿಲ್ಲವ್ವಾ" ಎಂದ ಮೋನಪ್ಪ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ಎರಡು ದಿನ ಕೈಕಟ್ಟಿ ಕೂತ. ಮೂರನೆಯ ದಿನ ಮುಂಜಾನೆ ಎದ್ದು ಅಗ್ಗಿಷ್ಟಿಗೆಗೆ ಇದ್ದಿಲು ಹಾಕಿದ.

ದೀಪಾವಳಿಗೆ ಎಂಟು ದಿನ ಮುಂಚೆ. ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು. ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಘೋಣಸಗಿಯ ಒಡ್ಡಿನ ಮರೆಯಲ್ಲಿ ಕೂತಿದ್ದರು. ಹೊಲದ ಮೇಲೆ ಮಂಜು ಇಳಿದಿತ್ತು. ಜೀವನವಿಡೀ ಗೇಣು ದೂರದ ಒಡವೆ ನೋಡಿದ ಮೋನಪ್ಪನ ಕಣ್ಣಿಗೂ ಆ ಮಂಜಿನಲ್ಲಿ ದೂರದ್ದು ಅಷ್ಟಕ್ಕಷ್ಟೆ. ಬನ್ನಿ ಗಿಡದ ಬುಡದಲ್ಲಿ ಕರಿಯದೊಂದು ಬಾಗಿ ಪೈರಿನೊಳಗೆ ಅಲುಗುತ್ತಿತ್ತು.

"ಎಲ್ಲೆದಾವು?" ಮಶಾಕಸಾಬ ಪಿಸುಗುಟ್ಟಿದ.

"ಬನ್ನಿ ಗಿಡದ ಬುಡಕ ಕರೀದೊಂದು ಐತಿ ನೋಡ್ರಿ. ಗಂಡ ಚಿಗರಿ. ತುಸು ಬಲಕ್ಕ."

ರೈಫಲ್ಲಿನ ಬಾಯಿ ತುಸು ಬಲಕ್ಕೆ ಸರಿಯಿತು. ಅದೇ ಹೊತ್ತಿಗೆ ಆ ಕರಿಯದು ಎದ್ದು ನಿಂತಿತು. ಎರಡು ಕಾಲಿನ ಮೇಲೆ. ಮೋನಪ್ಪ ಕೂಗಿದ. ಕೂಗೂ ಗುಂಡಿನ ಸದ್ದೂ ಕೂಡಿಯೇ ಹೋದವು.

ಕನಮಡಿಯ ಕುರುಬರ ಬೀರಣ್ಣ ಕರಿ ಕಂಬಳಿ ಹೊದ್ದು, ಪೈರಿನಲ್ಲಿ ಈದ ಕುರಿಯ ಮರಿಯನ್ನು ಒರೆಸುತ್ತ ಬಾಗಿದ್ದ. ಗುಂಡು ಬಲತೊಡೆಯ ಎಲುಬಿಗೆ ತಾಗಿತ್ತು. ಮೋನಪ್ಪ ಓಡಿಹೋಗಿ ತನ್ನ ರುಮಾಲು ಬಿಚ್ಚಿ ಬಿಗಿದ. ರಕ್ತ ನಿಲ್ಲಲಿಲ್ಲ. ಬೀರಣ್ಣ ಅಳಲಿಲ್ಲ, "ನಾ ಏನ ಮಾಡಿದ್ನೆಪಾ ನಿಮಗ" ಎಂದು ಮತ್ತೆ ಮತ್ತೆ ಕೇಳಿದ. ಹಿಂದಿನಿಂದ ಮಶಾಕಸಾಬ ಎಡವುತ್ತ, ಕೈ ಮುಂದೆ ಚಾಚಿ ಬರುತ್ತ, "ಯಾರು? ಯಾರ್ರೀ ಅದು?" ಎನ್ನುತ್ತಿದ್ದ. ಚಕ್ಕಡಿಯಲ್ಲಿ ಟಿಕೋಟಾಕ್ಕೆ, ಅಲ್ಲಿಂದ ಲಾರಿಯಲ್ಲಿ ವಿಜಾಪುರಕ್ಕೆ ಒಯ್ದರು. ಜೀವ ಉಳಿಯಿತು. ಕಾಲನ್ನು ತೊಡೆಯವರೆಗೆ ಕಡಿಯಬೇಕಾಯಿತು.

ಮಶಾಕಸಾಬ ಅಂದೇ ಠಾಣೆಗೆ ಹೋಗಿ ರೈಫಲ್ ಒಪ್ಪಿಸಿದ. ಮದ್ದು ತುಂಬಿದವನೂ ತಾನೇ, ಹೊಡೆದವನೂ ತಾನೇ ಎಂದು ಬರೆಸಿದ. ಮೋನಪ್ಪನ ಹೆಸರು ಎತ್ತಲಿಲ್ಲ.

ಎಂಟು ದಿನ ಮೋನಪ್ಪ ಮನೆಯ ಮೂಲೆ ಹಿಡಿದು ಕೂತ. ತಾಯವ್ವ ಬಾವಿಗೆ ಹೋದರೂ ಓಡುತ್ತ ತಿರುಗಿ ಬರುತ್ತಿದ್ದಳು. ಒಂಬತ್ತನೆಯ ದಿನ ಅವನು ಅಂಗಿ ಹಾಕಿಕೊಂಡ. "ಎಲ್ಲಿಗೆ?" ಎಂದಳು. "ವಿಜಾಪುರಕ್ಕ" ಎಂದ. ಅವಳು ಚಪ್ಪಲಿ ಮೆಟ್ಟಿ ತಾನೂ ಹೊರಟಳು.

ಠಾಣೆಯ ಫೌಜದಾರ ಎಲ್ಲ ಕೇಳಿ ತಲೆಯೆತ್ತಿದ. "ಅಂವ ನಿಮ್ಮ ಹೆಸರ ಹೇಳಿಲ್ಲ. ಯಾಕ ಬೆಂಕ್ಯಾಗ ಬೀಳ್ತೀರಿ? ಮನಿಗೆ ಹೋಗ್ರಿ."

"ಅವರಿಗೆ ಕಾಣ್ತಿರಲಿಲ್ರಿ ಸಾಹೇಬ್ರ. ನನಗ ಗೊತ್ತಿತ್ತು. ಐದು ತಿಂಗಳಿಂದ ಗೊತ್ತಿತ್ತು. ಮದ್ದು ತುಂಬಿದಾಂವ ನಾನು, ಕರೀದೈತಿ ಅಂತ ತೋರಿಸಿದಾಂವನೂ ನಾನು. ಬರಕೋರಿ."

ಹೊರಗೆ ಕಟ್ಟೆಯ ಮೇಲೆ ಕೂತ ತಾಯವ್ವ ಅಂದು ಒಬ್ಬಳೇ ಟಿಕೋಟಾಕ್ಕೆ ಮರಳಿದಳು.

ಖಟ್ಲೆ ನಡೆದು ಮಶಾಕಸಾಬನಿಗೆ ಒಂದು ವರ್ಷ, ಮೋನಪ್ಪನಿಗೆ ನಾಲ್ಕು ತಿಂಗಳ ಶಿಕ್ಷೆಯಾಯಿತು. ಜೇಲಿನಲ್ಲಿ ಊಟದ ಸಾಲಿಗೆ ಮೋನಪ್ಪನೇ ಅವನ ಕೈ ಹಿಡಿದು ಕರೆದೊಯ್ಯುತ್ತಿದ್ದ. ಒಂದು ದಿನ ರೊಟ್ಟಿ ಮುರಿಯುತ್ತ ಮಶಾಕಸಾಬ ಕೇಳಿದ, "ಹೊಳಿ ದಂಡ್ಯಾಗ, ಆ ಗಾಳಿ ದಿನ, ಹಾಳಿ ಇರಲಿಲ್ಲ. ಹೌದಲ್ಲ?"

"ಇರಲಿಲ್ರಿ."

"ನೀ ಉಸುಕಿನ್ಯಾಗ ಹಾಳಿ ತರಾಕ ಹ್ವಾದ ಸಪ್ಪಳದಾಗ ನನಗ ಗೊತ್ತಾತು. ಮನ್ಯಾಗ ಕುಂತ್ರ ಸತ್ತ ಹೋಗ್ತೇನಿ ಅಂತಿತ್ತು ಮನಸು."

"ನಂದೂ ಹಂಗ ಇತ್ರಿ" ಎಂದ ಮೋನಪ್ಪ. ಅದರ ಬಗ್ಗೆ ಅವರು ಆಡಿದ್ದು ಅಷ್ಟೇ. ಮಶಾಕಸಾಬ ಬಿಡುಗಡೆಯಾಗಿ ಬಂದ ಮೇಲೆ ಹೆಚ್ಚು ದಿನ ಬಾಳಲಿಲ್ಲ.

ಮೋನಪ್ಪ ಹೊರಬರುವ ಹೊತ್ತಿಗೆ ಕಾಯ್ದೆ ತುಸು ಸಡಿಲಾಗಿತ್ತು. ಮನೆಗೆ ಬಂದ ಮರುದಿನ ಅವನು ಕನಮಡಿಗೆ ನಡೆದುಹೋದ. ಬೀರಣ್ಣ ಗುಡಿಸಲಿನ ಮುಂದೆ ಊರುಗೋಲು ಮಗ್ಗುಲಿಗಿಟ್ಟುಕೊಂಡು ಉಣ್ಣೆ ನೂಲುತ್ತಿದ್ದ. ಮೋನಪ್ಪ ಅವನ ಮುಂದೆ ನೆಲಕ್ಕೆ ಕೂತು, ತಾನು ಯಾರೆಂಬುದನ್ನೂ ಏನು ಮಾಡಿದೆನೆಂಬುದನ್ನೂ ಬಿಡದೆ ಹೇಳಿದ. ಬೀರಣ್ಣ ನೂಲುವುದನ್ನು ನಿಲ್ಲಿಸಲಿಲ್ಲ.

"ಕುರಿ ಮಾರೇನಿ. ನಡಿಯಾಕ ಬರದಾಂವ ಕುರಿ ಹೆಂಗ ಕಾಯಬೇಕು. ನೀ ಹೇಳಿದ್ದು ಕೇಳಿದೆ. ಇನ್ನ ಎದ್ದು ಹೋಗು. ಮತ್ತ ಬರಬ್ಯಾಡ."

ಮೋನಪ್ಪ ಎದ್ದು ಬಂದ. ಮತ್ತೆ ಹೋಗಲಿಲ್ಲ.

ಅಂಗಡಿಗೆ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಹೆಚ್ಚಾಗಿ ಬೆಳ್ಳಿಯ ಕೆಲಸ, ಮುರಿದದ್ದಕ್ಕೆ ಬೆಸುಗೆ. ಮೊದಲಿನ ಹಾಗೆ ಬೋರಮಾಳ ಪೋಣಿಸಲು ಅವನಿಂದ ಆಗುತ್ತಿರಲಿಲ್ಲ, ಬಲಗೈ ನಡುಗುತ್ತಿತ್ತು. ೧೯೬೬ರಲ್ಲಿ ಕಾರಹುಣ್ಣಿಮೆಯ ಮುಂದೆ ಒಬ್ಬ ಹೆಂಗಸು ಬಂದು ಕಟ್ಟೆಯ ಮೇಲೆ ಒಂದು ಬೆಳ್ಳಿಯ ಕಾಲ್ಗಡಗವನ್ನು ಇಟ್ಟಳು. ಕೀಲು ಮುರಿದಿತ್ತು.

"ಯಾವೂರವ್ವಾ?"

"ಕನಮಡಿ. ಬೀರಣ್ಣನ ಹೇಣ್ತಿ, ಪರಸವ್ವ."

ಮೋನಪ್ಪ ಕಡಗಕ್ಕೆ ಕೈ ಹಾಕದೆ ಕೂತ. "ಅಂವ ಕಳಿಸ್ಯಾನೇನವ್ವಾ?" ಎಂದು ಕೇಳಿದ.

"ಇಲ್ಲ. ಅವಗ ಗೊತ್ತಿಲ್ಲ. ಮಗಳ ಲಗ್ನ ಐತಿ. ಹತ್ರದಾಗ ಬ್ಯಾರೆ ಪತ್ತಾರ ಯಾರಿಲ್ಲ, ಅದಕ್ಕ ಬಂದೀನಿ."

ತಾಯವ್ವ ತಂಬಿಗೆಯಲ್ಲಿ ನೀರು ತಂದಿಟ್ಟಳು. ಪರಸವ್ವ ಅದರ ಕಡೆ ನೋಡಲಿಲ್ಲ. ಬಿಸಿಲಿಗೆ ಬೆನ್ನು ಕೊಟ್ಟು, ಅವನ ಕೈಯನ್ನೇ ನೋಡುತ್ತ ಕೂತಳು. ಬೆಸುಗೆ ಎರಡು ಸಲ ತಪ್ಪಿತು. ಮೂರನೆಯ ಸಲ ತಾಯವ್ವ ಪಕ್ಕದಲ್ಲಿ ಕೂತು ಇಕ್ಕಳ ಹಿಡಿದಳು. ಕೀಲು ಕೂಡಿತು. ಪರಸವ್ವ ಕಡಗವನ್ನು ಎರಡು ಸಲ ತೆರೆದು ಮುಚ್ಚಿ ನೋಡಿ, ಸೆರಗಿಗೆ ಕಟ್ಟಿಕೊಂಡು ಎದ್ದಳು. ಮಜೂರಿ ಎಷ್ಟು ಎಂದು ಕೇಳಿದಳು. ಬ್ಯಾಡ ಎಂದ ಮೋನಪ್ಪ. ಅವಳು ಮಡಿಲಲ್ಲಿದ್ದ ಪಾವಿನಷ್ಟು ಕಡಲೆಯನ್ನು ಮಜೂರಿಗೆಂದು ಕಟ್ಟೆಯ ಮೇಲೆ ಸುರಿದು, ಕನಮಡಿಯ ದಾರಿ ಹಿಡಿದಳು.